ಸ್ಪಷ್ಟನೆ: ಅಂಗವಿಕಲರ ಪಾರ್ಕಿಂಗ್ ಯಾರ ದಯೆಯೂ ಅಲ್ಲ

‘ಅಂಗವಿಕಲರಿಗೆ ಪಾರ್ಕಿಂಗ್ ಬಿಡಬೇಕು ಅಂತ ಕಾನೂನೇನಿಲ್ಲ, ಕೊಟ್ಟರೆ ಮಾಲೀಕರ ದೊಡ್ಡ ಮನಸ್ಸು’ ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಸೆಕ್ಷನ್ ಬಸ್, ರೈಲು, ವಿಮಾನ ನಿಲ್ದಾಣಗಳ ಪಾರ್ಕಿಂಗ್ ಬಗ್ಗೆ ನೇರವಾಗಿಯೇ ಹೇಳುತ್ತದೆ. ಉಳಿದ ಕಟ್ಟಡಗಳಿಗೆ 44ನೇ ಸೆಕ್ಷನ್ ಇದೆ: ಅಂಗವಿಕಲರ ಅನುಕೂಲದ ನಿಯಮ ಪಾಲಿಸದ ಕಟ್ಟಡದ ನಕ್ಷೆಗೆ ಅನುಮತಿಯಿಲ್ಲ. ಕೇಂದ್ರದ ಮಾದರಿ ಬೈಲಾ (ಕಟ್ಟಡ ಕಟ್ಟುವ ನಿಯಮಗಳ ಮಾದರಿ) ಪ್ರಕಾರ ಪಾರ್ಕಿಂಗ್ ಜಾಗದ ಅಗಲ ಕನಿಷ್ಠ 3.6 ಮೀಟರ್, ಕಟ್ಟಡದ ಬಾಗಿಲಿನಿಂದ ದೂರ 30 ಮೀಟರ್ ಒಳಗೆ. ಅಷ್ಟಗಲ ಸುಮ್ನೆ ಅಲ್ಲ. ಕಾರಿನ ಬಾಗಿಲು ಪೂರ್ತಿ ತೆರೆದು, ಪಕ್ಕದಲ್ಲಿ ಗಾಲಿಕುರ್ಚಿ ನಿಲ್ಲಿಸಿ ಇಳಿಯಬೇಕಲ್ವಾ?

ಗೊಂದಲಕ್ಕೆ ಕಾರಣವೂ ಇದೆ. ಕಾಯ್ದೆಯಡಿಯ ಮಾನದಂಡಗಳು ಬರೀ ಸಲಹೆಯಂತಿದ್ದವು. ಅವನ್ನು ಕಡ್ಡಾಯ ಮಾಡಿ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಕೇಂದ್ರಕ್ಕೆ ಹೇಳಿತು. ಕಾಯ್ದೆ ಮುರಿದರೆ ಮೊದಲ ಸಲ 10,000 ರೂ.ವರೆಗೆ ದಂಡ.