ರಿಲೇಯೂ ಕರೆಂಟ್ ತಿನ್ನುತ್ತದೆ

ನಿಮ್ಮ ಬರಹದಲ್ಲಿ ಕ್ಯಾಂಪರ್ ವ್ಯಾನಿನ ಫ್ರಿಜ್ಜನ್ನು ಸಣ್ಣ ಸ್ವಿಚ್ಚಿನಿಂದ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್, ಆಫ್ ಮಾಡುವ ಸಾಧನ) ಮೂಲಕ ನಡೆಸುವುದನ್ನು ಚೆನ್ನಾಗಿ ವಿವರಿಸಿದ್ದೀರಿ. ರಿಲೇಯ 85, 86 ಪಿನ್‌ಗಳು ಕಾಯಿಲ್‌ಗೆ (ಒಳಗಿನ ಸ್ವಿಚ್ಚನ್ನು ಎಳೆಯುವ ತಂತಿಸುರುಳಿ), 30ಕ್ಕೆ ಬ್ಯಾಟರಿ, 87ಕ್ಕೆ ಲೋಡ್ ಅಂದರೆ ಫ್ರಿಜ್, ಎಲ್ಲ ಸರಿ. ಆದರೆ ಒಂದು ವಿಷಯ ಬಿಟ್ಟುಹೋಗಿದೆ. ರಿಲೇ ಆನ್ ಇರುವಷ್ಟು ಹೊತ್ತೂ ಕಾಯಿಲ್ ಸುಮಾರು 150 ಮಿಲಿಆಂಪ್ ಎಳೆಯುತ್ತಲೇ ಇರುತ್ತದೆ. ದಿನಕ್ಕೆ 3.6 ಆಂಪಿಯರ್ ಅವರ್ (ಆಂಪ್ × ಗಂಟೆ) ಆಯಿತು. ಇಂಥವು ನಾಲ್ಕಿದ್ದರೆ 14 ದಾಟುತ್ತದೆ. 100 ಆಂಪಿಯರ್ ಅವರ್ ಬ್ಯಾಟರಿಗೆ ಇದು ಜಾಸ್ತಿಯೇ ಅಲ್ವಾ? ದಿನವಿಡೀ ಓಡುವ ಫ್ರಿಜ್ಜಿಗೆ ಲ್ಯಾಚಿಂಗ್ ರಿಲೇ ಹಾಕಿ. ಅದಕ್ಕೆ ಆನ್, ಆಫ್ ಮಾಡುವ ಕ್ಷಣದಲ್ಲಿ ಮಾತ್ರ ಕರೆಂಟ್ ಬೇಕು.

ಫ್ಯೂಸನ್ನು ದಯವಿಟ್ಟು ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಕೂರಿಸಿ. ನನ್ನ ವ್ಯಾನಿನಲ್ಲಿ ಅದು ರಿಲೇ ಹತ್ತಿರ ಇತ್ತು. ಬ್ಯಾಟರಿಯಿಂದ ಬರುವ ವೈರ್ ತಗಡಿಗೆ ಉಜ್ಜಿ ಸುಟ್ಟುಹೋಯಿತು, ಆ ಕರೆಂಟ್ ಫ್ಯೂಸ್ ಮೂಲಕ ಹೋಗದ ಕಾರಣ ಫ್ಯೂಸ್ ಹಾರಲೇ ಇಲ್ಲ.