ಗೆದ್ದಲಿಗೆ ಸಲ್ಲದ ಹೊಗಳಿಕೆ

ಜಿಂಬಾಬ್ವೆಯ ರಾಜಧಾನಿ ಹರಾರೆಯ ಈಸ್ಟ್‌ಗೇಟ್ ಕಟ್ಟಡ ‘ಗೆದ್ದಲಿನ ಹುತ್ತದಂತೆಯೇ ತನ್ನನ್ನು ತಾನು ತಂಪಾಗಿಟ್ಟುಕೊಳ್ಳುತ್ತದೆ’ ಎಂಬ ಲೇಖನದ ಮಾತನ್ನು ಒಪ್ಪಲಾರೆ. 1996ರಲ್ಲಿ ಸಿದ್ಧವಾದ ಆ ಕಟ್ಟಡ ಒಳ್ಳೆಯದೇ. ನನ್ನ ತಕರಾರು ಹೋಲಿಕೆಯ ಬಗ್ಗೆ. ಹುತ್ತ ಚಿಮಣಿಯಂತೆ ಬಿಸಿಗಾಳಿಯನ್ನು ಹೊರದೂಡಿ ಗೂಡನ್ನು ತಣ್ಣಗಿಡುತ್ತದೆ ಎಂಬುದು ಹಳೆಯ ನಂಬಿಕೆ. ಹುತ್ತಗಳನ್ನು ಅಧ್ಯಯನ ಮಾಡಿದ ಸಂಶೋಧಕರಾದ ಸ್ಕಾಟ್ ಟರ್ನರ್ ಮತ್ತು ರೂಪರ್ಟ್ ಸೋರ್ 2008ರಲ್ಲೇ ಅದನ್ನು ಪ್ರಶ್ನಿಸಿದ್ದಾರೆ. ಗೂಡಿನ ಉಷ್ಣಾಂಶ ಸುತ್ತಲಿನ ಮಣ್ಣಿನ ಉಷ್ಣಾಂಶವನ್ನೇ ಅನುಸರಿಸುತ್ತದೆ; ಹುತ್ತ ಮಾಡುವುದು ಶ್ವಾಸಕೋಶದ ಕೆಲಸ, ಇಂಗಾಲದ ಡೈಆಕ್ಸೈಡನ್ನು ಹೊರಹಾಕಿ ಆಮ್ಲಜನಕವನ್ನು ಒಳತರುವುದು. ಈಸ್ಟ್‌ಗೇಟ್‌ಗೆ ತಂಪು ಬರುವುದು ಬೇರೆ ದಾರಿಯಿಂದ: ರಾತ್ರಿಯ ತಣ್ಣನೆಯ ಗಾಳಿಯನ್ನು ಫ್ಯಾನ್‌ಗಳು ಒಳಗೆಳೆದು ಕಟ್ಟಡದ ದಪ್ಪ ಕಾಂಕ್ರೀಟನ್ನು ತಣಿಸುತ್ತವೆ. ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲಾಯಿತು ಎನ್ನುತ್ತೇವೆ. ಇಲ್ಲಿ ಫ್ಯಾನ್ ದುಡಿದ ಕೀರ್ತಿ ಗೆದ್ದಲಿನ ಪಾಲಾಗಿದೆ!

ಇದು ಬರಿಯ ಪದಗಳ ಜಗಳವಲ್ಲ. ಹರಾರೆ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ಅಲ್ಲಿ ರಾತ್ರಿಗಳು ತಂಪು. ರಾತ್ರಿಯೂ ಬೇಯುವ ಕರಾವಳಿಯ ಊರಿನಲ್ಲಿ ಇದೇ ವಿನ್ಯಾಸವನ್ನು ನಕಲು ಮಾಡಿದರೆ, ಹಗಲಿಡೀ ಬಿಸಿ ಕುಡಿದ ಕಾಂಕ್ರೀಟು ಅದನ್ನು ಕಾರಿಕೊಳ್ಳುವುದಾದರೂ ಯಾವಾಗ? ಲೇಖನ ಈ ಪ್ರಶ್ನೆಯ ಹತ್ತಿರವೂ ಸುಳಿದಿಲ್ಲ.