ಜಿರಳೆ ಕಂಡರೆ ಮನೆಯವಳನ್ನು ಯಾಕೆ ಬೈತೀರಿ?

ಜಿರಳೆ ಇದೆ ಅಂದರೆ ಸಾಕು, ಮನೆ ಗಲೀಜು, ಹೆಂಗಸು ಸೋಮಾರಿ ಅನ್ನೋ ತೀರ್ಪು ತಯಾರಾಗಿರುತ್ತದೆ. ಮಳೆಗಾಲ ಬಂತೆಂದರೆ ನಮ್ಮ ಶಿವಮೊಗ್ಗದ ಮನೆಗಳಲ್ಲಿ ಸಿಂಕ್ ಕೆಳಗೆ ಸ್ಪ್ರೇ ಡಬ್ಬ, ನೆಂಟರು ಬಂದಾಗ ಅದನ್ನು ಬಚ್ಚಿಡುವ ಗಡಿಬಿಡಿ. ನನಗಂತೂ ಈ ನಾಚಿಕೆ ನೋಡಿ ಸಾಕಾಗಿದೆ.

ನಿತ್ಯ ಒರೆಸಿ ತೊಳೆಯುವ ಮನೆಗೂ ಜಿರಳೆ ಬರುತ್ತದೆ. ದಿನಸಿ ಬಂದ ರಟ್ಟಿನ ಪೆಟ್ಟಿಗೆಯಲ್ಲಿ, ಸೆಕೆಂಡ್ ಹ್ಯಾಂಡ್ ಫ್ರಿಜ್‌ನಲ್ಲಿ, ಬಾಡಿಗೆ ಮನೆ ಬದಲಿಸುವಾಗ ತರುವ ಸಾಮಾನಿನ ಜೊತೆ. ಸಾಲುಮನೆಯಾದರೆ ಪೈಪಿನ ಸಂದಿಯೇ ಅದಕ್ಕೆ ರಸ್ತೆ. ಯಾರೂ ಬಾಯಿ ಬಿಡುವುದಿಲ್ಲ. ಇವರು ಔಷಧಿ ಹೊಡೆದರೆ ಅವು ಪಕ್ಕದ ಮನೆಗೆ ಹೋಗುತ್ತವೆ, ಅವರು ಹೊಡೆದರೆ ಇಲ್ಲಿಗೆ ವಾಪಸ್.

ಬೈಯೋ ಮೊದಲು ಟಾರ್ಚ್ ಹಿಡಿದು ನೋಡಿ. ರಾತ್ರಿ ದೀಪ ಆರಿಸಿ ಒಂದು ಗಂಟೆ ಬಿಟ್ಟು ಅಡುಗೆಮನೆಗೆ ಹೋಗಿ.

ಬಚ್ಚಲಲ್ಲಿ ಓಡಾಡುವ ಕೆಂಪುಗಂದು ಬಣ್ಣದ ದೊಡ್ಡದು, ಸುಮಾರು 4 ಸೆಂ.ಮೀ. ಉದ್ದ, ತಲೆಯ ಹಿಂದೆ ಹಳದಿ ಅಂಚು ಇದ್ದರೆ ಅದು ಅಮೆರಿಕನ್ ಜಿರಳೆ. ಅದರ ವಾಸ ಚೇಂಬರ್ (ಕೊಳಚೆ ಪೈಪುಗಳು ಕೂಡುವ ಗುಂಡಿ) ಮತ್ತು ಮೋರಿಯಲ್ಲಿ. ಮಳೆ ಜೋರಾಗಿ ಅಲ್ಲಿ ನೀರು ತುಂಬಿದಾಗ ಮೇಲೆ ಬರುತ್ತದೆ. ಇದಕ್ಕೆ ಒಲೆ ಸುತ್ತ ಔಷಧಿ ಹೊಡೆಯುವುದು ಸುಮ್ನೆ ದುಡ್ಡು ದಂಡ. ಬಚ್ಚಲ ತೂತಿಗೆ ಸಣ್ಣ ಜಾಲರಿ ಹಾಕಿ, ಚೇಂಬರ್ ಮುಚ್ಚಳದ ಸಂದಿ ಮುಚ್ಚಿಸಿ. ಬಳಸದ ಬಾತ್‌ರೂಮಿನ ತೂತಿಗೆ ಆಗಾಗ ನೀರು ಸುರಿಯಿರಿ, ಟ್ರ್ಯಾಪ್ (ತೂತಿನಡಿ ನೀರು ನಿಲ್ಲುವ ಪೈಪಿನ ಬಾಗು) ಒಣಗಿದರೆ ಅದೇ ಬಾಗಿಲು.

ನಿಜವಾದ ತಲೆನೋವು ಚಿಕ್ಕದು. ತಿಳಿಗಂದು ಬಣ್ಣ, ಹೆಚ್ಚೆಂದರೆ ಒಂದೂವರೆ ಸೆಂ.ಮೀ., ತಲೆಯ ಹಿಂದೆ ಎರಡು ಕಪ್ಪು ಗೆರೆ. ಇದನ್ನು ದೊಡ್ಡದರ ಮರಿ ಅಂದುಕೊಳ್ಳುವವರೇ ಜಾಸ್ತಿ. ಅಲ್ಲ, ಇದು ಜರ್ಮನ್ ಜಿರಳೆ, ಬೇರೆಯೇ ಜಾತಿ. (ಇದರ ಮೂಲ ಭಾರತ ಅಥವಾ ಮ್ಯಾನ್ಮಾರ್ ಕಡೆ ಅಂತ 2024ರಲ್ಲಿ ಬಂದ ಸಂಶೋಧನೆ ಹೇಳುತ್ತದೆ. ಅಂದರೆ ನಮ್ಮ ಕಡೆಯದೇ!) ಹೆಣ್ಣು ಜಿರಳೆ 30-40 ಮೊಟ್ಟೆಗಳ ಚೀಲವನ್ನು ಮರಿ ಹೊರಬರುವ ಹೊತ್ತಿನವರೆಗೂ ಹಿಂದೆ ಕಚ್ಚಿಕೊಂಡೇ ತಿರುಗುತ್ತದೆ. ಮರಿಗಳು ಎರಡು ಮೂರು ತಿಂಗಳಲ್ಲಿ ದೊಡ್ಡವಾಗುತ್ತವೆ. ಫ್ರಿಜ್ ಹಿಂದಿನ ಮೋಟಾರ್ ಹತ್ತಿರ, ಮಿಕ್ಸಿ ತಳದಲ್ಲಿ, ಕಪಾಟಿನ ಕೀಲುಗಳಲ್ಲಿ ಕಾಳುಮೆಣಸಿನ ಪುಡಿ ಉದುರಿದಂಥ ಕಪ್ಪು ಚುಕ್ಕೆ ಕಂಡರೆ ಅದು ಇವುಗಳ ಹಿಕ್ಕೆ. ಹಗಲಲ್ಲೇ ಓಡಾಡುತ್ತಿದ್ದರೆ ಒಳಗೆ ಜಾಗ ಸಾಲುತ್ತಿಲ್ಲ ಅಂತ ಲೆಕ್ಕ. ಹಿಕ್ಕೆ, ಪೊರೆಯ ಪುಡಿಯಿಂದ ಅಸ್ತಮಾ ಇದ್ದವರಿಗೆ ತೊಂದರೆ ಹೆಚ್ಚುತ್ತದೆ.

ತೋಟದಲ್ಲಿ ದರಗಿನಡಿ ಇರುವವು ಮತ್ತೆ ಬೇರೆ. ಸೌದೆ ಜೊತೆ ಒಂದೆರಡು ಒಳಗೆ ಬಂದರೆ ಹೊರಗೆ ಹಾಕಿ, ಸಾಕು.

ಈಗ ಸ್ಪ್ರೇ ವಿಷಯ. ಕಣ್ಣೆದುರು ನಾಲ್ಕು ಸತ್ತು ಬಿದ್ದರೆ ಮನಸ್ಸಿಗೆ ಸಮಾಧಾನ, ನಿಜ. ಆದರೆ ಸಂದಿಯೊಳಗಿನವು ಚದುರಿ ಇನ್ನೂ ಒಳಗೆ ಹೋಗುತ್ತವೆ. ಎಷ್ಟೋ ಕಡೆ ಜರ್ಮನ್ ಜಿರಳೆಗಳಿಗೆ ಈ ಔಷಧಿ ನಾಟುವುದೇ ಇಲ್ಲ. ನನ್ನ ಓಟು ಜೆಲ್‌ಗೆ, ಅಂದರೆ ಜಿರಳೆ ತಿಂದು ಸಾಯುವ ಅಂಟಿನಂಥ ಔಷಧಿಗೆ. ಫಿಪ್ರೊನಿಲ್ ಅಥವಾ ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕ ಇರುವ ಜೆಲ್ ಸಿಗುತ್ತದೆ. ಸಾಸಿವೆಗಿಂತ ಸ್ವಲ್ಪ ದೊಡ್ಡ ಚುಕ್ಕೆಗಳನ್ನು ಕೀಲು, ಸಂದಿಗಳಲ್ಲಿ, ಮಕ್ಕಳ ಕೈಗೆ, ಬೆಕ್ಕು ನಾಯಿ ಬಾಯಿಗೆ ಸಿಗದ ಕಡೆ ಇಡಿ. ಅದರ ಮೇಲೆ ಸ್ಪ್ರೇ ಹೊಡೆದರೆ ಕೆಲಸ ಕೆಟ್ಟಿತು, ಅವು ಜೆಲ್ ಮುಟ್ಟುವುದಿಲ್ಲ. ಬೋರಿಕ್ ಪೌಡರ್ ಕೂಡ ಒಳ್ಳೆಯದೇ, ಆದರೆ ಒಣಗಿರಬೇಕು. ತೀರ್ಥಹಳ್ಳಿ, ಹೊಸನಗರದ ಜುಲೈನಲ್ಲಿ ಒಣ ಪುಡಿ ಎಲ್ಲಿಂದ ತರೋಣ? ಅದನ್ನು ಬೇಸಿಗೆಗೆ ಇಟ್ಟುಕೊಳ್ಳಿ.

ಮಳೆಗಾಲದಲ್ಲಿ ಮಾಡಬಹುದಾದ ದೊಡ್ಡ ಕೆಲಸ ನೀರು ತಪ್ಪಿಸುವುದು. ಊಟವಿಲ್ಲದೆ ಅವು ವಾರಗಟ್ಟಲೆ ಬದುಕುತ್ತವೆ, ನೀರಿಲ್ಲದೆ ಅಷ್ಟು ದಿನ ಆಗುವುದಿಲ್ಲ. ತೊಟ್ಟಿಕ್ಕುವ ನಲ್ಲಿ ಸರಿ ಮಾಡಿಸಿ. ಮಲಗುವ ಮುಂಚೆ ಸಿಂಕ್ ಒರೆಸಿ, ಒದ್ದೆ ಬಟ್ಟೆಯನ್ನು ಕಟ್ಟೆ ಮೇಲೆ ಬಿಡಬೇಡಿ. ಇದನ್ನು ಮನೆಯ ಗಂಡಸರೂ ಮಾಡಬಹುದು, ಕೈ ಸವೆಯುವುದಿಲ್ಲ.

ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸುವುದಾದರೆ ಮೊದಲೇ ಕೇಳಿ: ಜೆಲ್ ಇಡ್ತೀರಾ, ಬರೀ ಸ್ಪ್ರೇನಾ? ಎರಡು ಮೂರು ವಾರ ಬಿಟ್ಟು ಮತ್ತೆ ಬರ್ತೀರಾ? ಮೊಟ್ಟೆಚೀಲದೊಳಗೆ ಔಷಧಿ ಹೋಗುವುದಿಲ್ಲ, ಹಾಗಾಗಿ ಎರಡನೇ ಸಲ ಬರದವರಿಗೆ ಪೂರ್ತಿ ದುಡ್ಡು ಕೊಡಬೇಡಿ. ಸಾಧ್ಯವಾದರೆ ಪಕ್ಕದ ಮನೆಯವರನ್ನೂ ಸೇರಿಸಿಕೊಂಡು ಒಂದೇ ದಿನ ಮಾಡಿಸಿ.